ಇದ್ರಿಸ್ ಸಾಹೇಬರ ‘ಆಯ್ತು’

ಇದ್ರಿಸ್ ಸಾಹೇಬರು ಬಾಗಿಲಿಗೆ ಬೆನ್ನು ಹಾಕಿ ಕೂತದ್ದನ್ನು ನಾನು ಕಂಡಿರಲಿಲ್ಲ. ಲೀಡ್ಸ್‌ನ ಹೆಡಿಂಗ್ಲೀ ಬಡಾವಣೆಯ ನಮ್ಮ ಮನೆಗೆ ಬಂದರೆ ಗೋಡೆ ಪಕ್ಕದ ಕುರ್ಚಿಯೇ ಬೇಕು. ಪೋಸ್ಟ್‌ಮ್ಯಾನ್ ಬೆಲ್ ಒತ್ತಿದರೂ ಅವರ ಕೈಯ ಚಹಾ ತುಳುಕುತ್ತಿತ್ತು. ತಮ್ಮ ದೇಶದ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದವರು. ಸೈನ್ಯ ಕೇಳಿದಷ್ಟು ನೋಟು ಅಚ್ಚು ಹಾಕಲು ಒಪ್ಪದೆ ಲೀಡ್ಸ್‌ಗೆ ಓಡಿಬಂದು, ವಿಶ್ವವಿದ್ಯಾಲಯದ ನನ್ನ ವಿಭಾಗದಲ್ಲೇ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರು. ಗೋಡೆಯಾಚೆಯ ಮನೆ ಅವರದು.

ನಮ್ಮಿಂದ ಅವರು ಕಲಿತ ಕನ್ನಡ ಒಂದೇ ಮಾತು: ‘ಆಯ್ತು’. ಇನ್ನೊಂದು ದೋಸೆ ಹಾಕಲೇ ಎಂದರೆ ಆಯ್ತು. ತಟ್ಟೆ ಸರಿಸುವಾಗಲೂ ಆಯ್ತು. “ಒಪ್ಪಿಗೆಗೂ ಮುಕ್ತಾಯಕ್ಕೂ ಒಂದೇ ಪದವೇ! ಮಂತ್ರಿಗಳ ಹತ್ತಿರ ಮಾತಾಡೋಕೆ ನನಗಿದು ಬೇಕಿತ್ತು,” ಎಂದು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಈ ಮಾತು ಅವರದೋ, ಆಮೇಲೆ ನಾನೇ ಸೇರಿಸಿದ್ದೋ, ಖಾತ್ರಿಯಿಲ್ಲ.

ಅವರ ಅಧ್ಯಕ್ಷ ದೇಶ ಬಿಟ್ಟು ಓಡಿದಾಗ, ಚುನಾವಣೆಯವರೆಗೆ ಹಂಗಾಮಿ ಸರ್ಕಾರ ನಡೆಸಲು ಇವರಿಗೇ ಕರೆ ಬಂತು. ಇಲ್ಲಿ ಶಾಲೆಯ ಬೀಗ ತೆಗೆಯುವ ಜವಾನನಿಗೂ ಹೇಳುವ ‘ಕೇರ್‌ಟೇಕರ್’ ಎಂಬುದಷ್ಟೇ ಕಿವಿಗೆ ಬಿದ್ದ ನನ್ನ ಹೆಂಡತಿ ಗಿರಿಜಾ, ಧಾರವಾಡದವಳು, ಗಾಬರಿಯಾದಳು. “ಅಯ್ಯ, ಇಷ್ಟ್ ಓದಿ ಸಾಲಿ ಕೀಲಿ ತಗಿಯೋ ಕೆಲಸಕ್ಕ ಹೊಂಟಾರೇನ್ರೀ?”

ಅನುವಾದಿಸಿ ಹೇಳಿದೆ. ಸಾಹೇಬರು ನಗಲಿಲ್ಲ. “ಸರಿಯಾಗೇ ಹೇಳಿದಳು. ಆದರೆ ಕೀಲಿಕೈ ಇನ್ನೂ ಸೈನ್ಯದ ಜೇಬಲ್ಲಿದೆ.”

“ಮತ್ತೆ ಯಾಕೆ ಹೋಗ್ತೀರಿ?”

“ಧೈರ್ಯವಂತನನ್ನು ಕೂರಿಸಿದರೆ ಅವನು ಏಳೋದಿಲ್ಲ. ನಾನು ಪುಕ್ಕಲ. ಚುನಾವಣೆ ಮುಗಿದ ದಿನವೇ ಎದ್ದು ಬರ್ತೀನಿ.”

ಟಿವಿಯಲ್ಲಿ ಅವರು ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದೆವು. ಆಮೇಲೆ ದೊಡ್ಡ ಮೇಜಿನ ಮುಂದೆ ಕೂರಿಸಿದರು, ಬಾಗಿಲಿಗೆ ಬೆನ್ನು ಮಾಡಿ. ಬಾಗಿಲಲ್ಲಿ ಸೈನಿಕರಿದ್ದರು. ಗಿರಿಜಾ ಸೌಂಡ್ ಆಫ್ ಮಾಡಿದಳು.

ಕೊನೆಯ ಸಲ ಫೋನ್ ಮಾಡಿದಾಗ, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುವಂತೆ ನಿಧಾನವಾಗಿ ಮಾತಾಡಿದರು. ಚುನಾವಣೆ ಮುಂದೆ ಹೋಗಬಹುದು ಎಂದರು. “ವಾಪಸ್ ಬರ್ತೀರಲ್ಲ?” ಎಂದೆ.

“ಆಯ್ತು,” ಎಂದರು. ಲೈನ್ ಕಡಿಯಿತು.

ಅಂದಿನಿಂದ ಫೋನಿಲ್ಲ. ಅನಾರೋಗ್ಯ, ವಿಶ್ರಾಂತಿಯಲ್ಲಿದ್ದಾರೆ ಎನ್ನುತ್ತದೆ ಅಲ್ಲಿನ ಸುದ್ದಿ. ಸ್ಪೀಕರಿನಲ್ಲಿ ಕೇಳಿದ್ದ ಗಿರಿಜಾ ಹಟ ಬಿಡುವುದಿಲ್ಲ: “ಬರ್ತೀನಿ ಅಂತನ ಅಂದ್ರು ಅವ್ರು. ದ್ವಾಸಿ ಬೇಕಂದಾಗ ಹಿಂಗ ಅಂತಿದ್ರು.” ನನಗೆ ತಟ್ಟೆ ಸರಿಸಿದ ಹಾಗೆ ಕೇಳಿಸಿತ್ತು. ನೆನಪಿಸಿಕೊಂಡಷ್ಟೂ ಆ ದನಿ ಬೇರೆಯಾಗುತ್ತದೆ. ಈಗ ಎರಡನ್ನೂ ನಂಬಲಾರೆ.

ಗೋಡೆ ಪಕ್ಕದ ಆ ಕುರ್ಚಿಯಲ್ಲಿ ಈಚೆಗೆ ನಾನೇ ಕೂರುತ್ತೇನೆ. ನಿನ್ನೆ ಪೋಸ್ಟ್‌ಮ್ಯಾನ್ ಬೆಲ್ ಒತ್ತಿದ. ಚಹಾ ತುಳುಕಿತು.