ಅತ್ತೆ ಕೇಳಿದ ಜಪಾನೀ ಹಾಡುಗಳು

ಮಗಳು ಹುಟ್ಟುವುದಕ್ಕೆ ಮೊದಲಿನ ಎರಡು ಮೂರು ತಿಂಗಳು ನಾನು ಆಫೀಸಿನಿಂದ ಮನೆಗೆ ಬರುತ್ತಿದ್ದುದು ಒಬ್ಬ ಜಪಾನೀ ಇಂಜಿನಿಯರರ ಕಾರಿನಲ್ಲಿ. ನಮ್ಮದು ಗಲ್ಫಿನ ಅಲ್ ಕೂಜ್ ಎಂಬ ಕಾರ್ಖಾನೆ ಪ್ರದೇಶದಲ್ಲಿ ದೊಡ್ಡ ಪಂಪುಗಳನ್ನು ರಿಪೇರಿ ಮಾಡುವ ಕಂಪನಿ. ನಾನು ಖರೀದಿ ವಿಭಾಗದಲ್ಲಿದ್ದೆ, ಅವರು ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಒಬ್ಬರೇ ಇರುತ್ತಿದ್ದರು. ಊದ್ ಮೇಥಾ ಬಡಾವಣೆಯಲ್ಲಿ ಅವರ ಕಟ್ಟಡ ನಮ್ಮ ಕಟ್ಟಡದಿಂದ ಎರಡು ಸಿಗ್ನಲ್ ಆಚೆ. ತುಂಬಿದ ಹೊಟ್ಟೆ ಹೊತ್ತು ಬಿಸಿಲಿನಲ್ಲಿ ಬಸ್ಸಿಗೆ ನಿಂತವಳನ್ನು ನೋಡಿ ಒಂದು ದಿನ ಕಾರು ನಿಲ್ಲಿಸಿದರು. ಮಾರನೆಯ ದಿನದಿಂದ ಅದೇ ರೂಢಿಯಾಯಿತು.

ದಾರಿಯಲ್ಲಿ ಅವರು ಮಾತಾಡುತ್ತಿರಲಿಲ್ಲ, ಹಾಡು ಹಾಕುತ್ತಿದ್ದರು. ಎಲ್ಲವೂ ಅವರು ಹುಡುಗರಾಗಿದ್ದ ಕಾಲದ ಜಪಾನೀ ಹಾಡುಗಳು. ಹೆಚ್ಚಿನವನ್ನು ಹೆಂಗಸರು ಹಾಡಿದ್ದರು. ಗಿಟಾರು, ಸ್ಯಾಕ್ಸೋಫೋನು, ಅವಸರವಿಲ್ಲದ ತಾಳ. ಅರ್ಥವೇನೆಂದು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, "ಇವು ರಾತ್ರಿಯ ಹಾಡುಗಳು. ಟ್ರಾಫಿಕ್ ಇದೆ ಅಂತ ಹಗಲು ಹಾಕುತ್ತೇನೆ, ಅಷ್ಟೆ" ಎಂದಿದ್ದರು. ಹೆರಿಗೆ ರಜೆಗೆ ಹೊರಡುವ ದಿನ ನನ್ನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟರು. ಅದರಲ್ಲಿ ಹನ್ನೊಂದು ಹಾಡುಗಳಿದ್ದವು. "ಮಗು ನಿಮ್ಮನ್ನು ಮಲಗಲು ಬಿಡುವುದಿಲ್ಲ. ಆಗ ಬೇಕಾಗುತ್ತದೆ" ಎಂದರು.

ಅವರ ಮಾತು ನಿಜವಾಯಿತು. ಮಗಳು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಹನ್ನೊಂದಕ್ಕೆ ಅಳಲು ಶುರು ಮಾಡಿದರೆ ಎರಡು ಗಂಟೆಯವರೆಗೆ ಬಿಡುತ್ತಿರಲಿಲ್ಲ. ನನ್ನ ಗಂಡನಿಗೆ ಅಬುಧಾಬಿಯ ಆಚೆ, ಸಮುದ್ರದೊಳಗಿನ ತೈಲದ ಪ್ಲಾಟ್‌ಫಾರ್ಮಿನಲ್ಲಿ ಕೆಲಸ. ಹನ್ನೆರಡು ವಾರ ಅಲ್ಲಿ, ನಾಲ್ಕು ವಾರ ಮನೆಯಲ್ಲಿ. ಹೆರಿಗೆಯಾಗಿ ಹತ್ತನೆಯ ದಿನ ಅವನು ಹೊರಟ. ಆ ವಾರವೇ ಅವನ ತಾಯಿ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದರು.

ನಾನು ವಿಜಯಪುರದವಳು. ನಮ್ಮದು ಪ್ರೀತಿಸಿ ಆದ ಮದುವೆ. ಅತ್ತೆಯ ಮನೆಮಾತು ತುಳು. ನನ್ನೊಡನೆ ಅವರು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಅಳೆದು ತೂಗಿ ಮಾತಾಡುತ್ತಿದ್ದರು, ನನ್ನ ಕನ್ನಡ ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಮಗನ ಫೋನು ಬಂದರೆ ಮಾತ್ರ ಅವರ ತುಳು ನದಿಯಂತೆ ಹರಿಯುತ್ತಿತ್ತು. ತುಳುವಿನಲ್ಲಿ 'ಆಳ್' ಎಂದರೆ 'ಅವಳು' ಎಂಬುದಷ್ಟೇ ನನಗೆ ಗೊತ್ತಿತ್ತು. ಒಂದು ಫೋನಿನಲ್ಲಿ ಹತ್ತು ಸಲ 'ಆಳ್' ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಎಣಿಸುತ್ತಿದ್ದೆ.

ಒಂದು ರಾತ್ರಿ ಅತ್ತೆಯ ಜೋಗುಳವೂ ನನ್ನ ಜೋಗುಳವೂ ಸೋತ ಮೇಲೆ, ಅವರು ಮಲಗಲು ಹೋದರೆಂದು ನೋಡಿಕೊಂಡು ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಮೂರನೆಯ ಹಾಡಿಗೆ ಮಗು ಅಳು ನಿಲ್ಲಿಸಿತು. ಕಣ್ಣು ಬಿಟ್ಟುಕೊಂಡು ಸುಮ್ಮನೆ ಫ್ಯಾನು ನೋಡತೊಡಗಿತು. ಹೊರಳಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಇದು ಎಂತ ಹಾಡು ಮಾರಾಯ್ತಿ?"

"ಜಪಾನೀ ಹಾಡ್ರೀ ಅತ್ತಿ. ಸಪ್ಪಳ ಆತೇನ್ರಿ? ಬಂದ್ ಮಾಡ್ತೀನಿ."

"ಬೇಡ ಬೇಡ, ಇರ್ಲಿ. ಮಗು ಸುಮ್ಮನಾಯ್ತಲ್ಲ."

ಅವರು ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತರು. ಹಾಡು ಮುಗಿದ ಮೇಲೆ "ಇನ್ನೊಮ್ಮೆ ಹಾಕು" ಎಂದರು.

ಅದೇ ನಿತ್ಯದ ಪರಿಪಾಠವಾಯಿತು. ಹನ್ನೊಂದಕ್ಕೆ ಅಳು, ಹನ್ನೊಂದೂವರೆಗೆ ಹಾಡು. ಅತ್ತೆ ಪ್ರತಿ ಹಾಡಿಗೂ ಒಂದು ಕಥೆ ಕಟ್ಟುತ್ತಿದ್ದರು. ಮೂರನೆಯ ಹಾಡಿನ ಹೆಂಗಸು ಕೊನೇ ಬಸ್ಸಿಗೆ ಕಾಯುತ್ತಿದ್ದಾಳೆ ಎಂಬುದು ಅವರ ವಾದ.

"ಇಲ್ರೀ, ಆಕಿ ಗಂಡನ್ನ ಬಿಟ್ಟು ಹೊಂಟಾಳ. ದನಿ ಕೇಳ್ರಿ, ಎಷ್ಟು ಸಿಟ್ಟೈತಿ."

"ಸಿಟ್ಟಲ್ಲ ಅದು. ಬಸ್ಸು ತಪ್ಪಿದ್ರೆ ದನಿ ಹಾಗೇ ಆಗ್ತದೆ. ನನಗೆ ಗೊತ್ತುಂಟು."

ಹೇಗೆ ಗೊತ್ತು ಎಂದು ಕೇಳಿದೆ. ಮದುವೆಗೆ ಮುಂಚೆ ನಾಲ್ಕು ವರ್ಷ ಅವರು ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದರಂತೆ. ಒಂದು ಸಂಜೆ ಕೊನೇ ಬಸ್ಸು ತಪ್ಪಿ, ಮೂವರು ಹುಡುಗಿಯರು ಕತ್ತಲಲ್ಲಿ ರೈಲು ಹಳಿ ಹಿಡಿದು ಮನೆಯವರೆಗೆ ನಡೆದರು. ಹೆದರಿಕೆಗೆ ದಾರಿಯುದ್ದಕ್ಕೂ ಗಟ್ಟಿಯಾಗಿ ಹಾಡುತ್ತಿದ್ದರು. ಮನೆ ಮುಟ್ಟಿದಾಗ ಸ್ವರವೇ ಇರಲಿಲ್ಲ. ಈ ಸಂಗತಿ ಅವರ ಮಗನಿಗೂ ಗೊತ್ತಿರಲಿಲ್ಲ. ಅವರು ಕಾರ್ಖಾನೆಯಲ್ಲಿ ದುಡಿದಿದ್ದರು ಎಂಬುದೇ ನನಗೆ ಹೊಸದು.

ಇನ್ನೊಂದು ರಾತ್ರಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ ಅತ್ತೆ ತಟ್ಟನೆ ನಿಂತರು.

"ನಾನು ಫೋನಲ್ಲಿ ತುಳು ಮಾತಾಡುವಾಗ ನಿನಗೆ ಹೀಗೇ ಕೇಳ್ತದಾ? ಬರೀ ಸ್ವರ, ಅರ್ಥ ಇಲ್ಲದ್ದು?"

ಸುಳ್ಳು ಹೇಳಬಹುದಿತ್ತು. ನಿದ್ದೆಗೆಟ್ಟ ಕಾರಣವೋ ಏನೋ, ಹೇಳಲಿಲ್ಲ.

"ಹೌದ್ರಿ. ನನ್ನ ಬಗ್ಗೆನ ಏನರ ಹೇಳಾಕತ್ತೀರಿ ಅನ್ನಿಸ್ತೈತಿ."

ಅವರ ಕೈ ಮಗುವಿನ ಬೆನ್ನು ತಟ್ಟುತ್ತಲೇ ಇತ್ತು.

"ನಿನ್ನ ಬಗ್ಗೆಯೇ ಹೇಳುದು. ಸರಿ ಊಟ ಮಾಡುದಿಲ್ಲ, ಬಾಣಂತಿ ತಲೆಗೆ ಬಟ್ಟೆ ಕಟ್ಟುದಿಲ್ಲ ಅಂತ. ಒಮ್ಮೊಮ್ಮೆ ದೂರು ಹೇಳಿದ್ದೂ ಉಂಟು. ಇಲ್ಲ ಅನ್ನುದಿಲ್ಲ."

ನನಗೆ ಅಳು ಬಂತು, ನಗುವೂ ಬಂತು. ದೂರು ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಮಾರನೆಯ ದಿನ ಗಂಡನ ಫೋನು ಬಂದಾಗ ಅತ್ತೆ ಸ್ಪೀಕರ್ ಒತ್ತಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಕನ್ನಡದಲ್ಲಿ ಮಾತಾಡು ಮಗಾ, ಇವಳೂ ಇದ್ದಾಳೆ" ಎಂದರು. ಅವನು ಏನಾಯಿತೆಂದು ಗಾಬರಿಯಾದ. ಕನ್ನಡದಲ್ಲಿ ತಾಯಿ ಮಗ ಇಬ್ಬರಿಗೂ ಮಾತೇ ಹೊರಡಲಿಲ್ಲ. ಐದು ನಿಮಿಷ ಬರೀ ಹವೆ, ಊಟ, ಮಗುವಿನ ತೂಕ. ಕೊನೆಗೆ ನಾನೇ "ತುಳುವಿನ್ಯಾಗ ಮಾತಾಡ್ರಿ, ಆಮ್ಯಾಲೆ ನನಗ ಹೇಳ್ರಿ" ಎಂದು ಎದ್ದುಹೋದೆ. ಆಮೇಲೆ ಅವರು ಹೇಳುತ್ತಿದ್ದರು, ದೂರನ್ನೂ ಸೇರಿಸಿ.

ನಲವತ್ತೈದು ದಿನದ ರಜೆ ಮುಗಿದು ನಾನು ಕೆಲಸಕ್ಕೆ ಮರಳಿದೆ. ಮಗು ಹಗಲು ಅತ್ತೆಯ ಬಳಿ. ಮೊದಲ ದಿನವೇ ಕಾರಿನಲ್ಲಿ ಜಪಾನೀ ಇಂಜಿನಿಯರರನ್ನು ಮೂರನೆಯ ಹಾಡಿನ ಅರ್ಥ ಕೇಳಿದೆ. ಅವರು ಹಾಡು ಹಾಕಿ, ಸಾಲು ಸಾಲಾಗಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದರು. ಹೆಂಗಸು ಒಂದು ಮನೆಗೆ ಫೋನು ಮಾಡುತ್ತಾಳೆ. ಯಾರೂ ಎತ್ತುವುದಿಲ್ಲ. ಫೋನು ಇಟ್ಟು ಚಹಾಕ್ಕೆ ನೀರಿಡುತ್ತಾಳೆ. ನೀರು ಕುದಿಯುವುದರೊಳಗೆ ಮತ್ತೊಮ್ಮೆ ಮಾಡೋಣವೇ ಎಂದುಕೊಳ್ಳುತ್ತಾಳೆ. ಅಷ್ಟೇ. ಹೇಳಿ ಮುಗಿಸಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಅವರು ಒಪ್ಪಲಿಲ್ಲ.

"ಅವರಿಗೆ ಭಾಷೆ ಗೊತ್ತುಂಟು, ಸರಿ. ಆದ್ರೆ ಅವಳು ಫೋನು ಮಾಡಿದ್ದು ಬಸ್ಸು ತಪ್ಪಿತು ಅಂತ ಹೇಳ್ಲಿಕ್ಕೆ."

ವೀಸಾ ಮುಗಿಯುವ ಹೊತ್ತಿಗೆ ಮಗಳು ರಾತ್ರಿ ಮಲಗುವುದನ್ನು ಕಲಿತಿದ್ದಳು. ಹಾಡಿನ ಅಗತ್ಯವೇ ಇರಲಿಲ್ಲ. ಆದರೂ ಹನ್ನೊಂದಕ್ಕೆ ನಾವಿಬ್ಬರೂ ಎದ್ದು ಕೂರುತ್ತಿದ್ದೆವು. ಹೊರಡುವ ಮುಂಚಿನ ಶುಕ್ರವಾರ ಅತ್ತೆ ತಮ್ಮ ಬಟನ್ ಫೋನು ತೆಗೆದು, "ಇದಕ್ಕೆ ಆ ಹಾಡು ಹತ್ತುತ್ತದಾ ಅಂಗಡಿಯಲ್ಲಿ ಕೇಳು" ಎಂದರು. ರಜೆಗೆ ಬಂದಿದ್ದ ಗಂಡ ನಮ್ಮನ್ನು ದೇರಾ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಮೆಮೊರಿ ಕಾರ್ಡಿಗೆ ತುಂಬುತ್ತ ಒಂದು ಹಾಡು ಹಾಕಿ ನೋಡಿ, ಅತ್ತೆಯ ಸೀರೆ, ಮಲ್ಲಿಗೆ ನೋಡಿ, "ಅಮ್ಮಾ, ಯೇ ಆಪ್ ಸುನ್ತೇ ಹೋ?" ಎಂದ. ಹೌದು, ಕೇಳುವುದು ತಾನೇ ಎಂಬಂತೆ ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಗಂಡ ನನ್ನ ಮುಖ ನೋಡಿದ. ಆ ರಾತ್ರಿಗಳ ಸಂಗತಿ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವರು ಊರಿಗೆ ಹೋಗಿ ಒಂದು ವಾರವಾಗಿತ್ತು. ನಾವು ಮಲಗಿದ್ದಾಗ, ಹನ್ನೊಂದೂವರೆ ಕಳೆದು ಅವರ ಫೋನು ಬಂತು. ಅಲ್ಲಿ ರಾತ್ರಿ ಒಂದು ಗಂಟೆ ದಾಟಿರಬೇಕು. ಏನೋ ಆಯಿತೆಂದು ಗಂಡ ಧಡಕ್ಕನೆ ಎದ್ದು ಕೂತ. ಅವರಿಗೆ ಬೇಕಾಗಿದ್ದವಳು ನಾನು.

"ಒಂದು, ಎರಡು ಬರ್ತದೆ, ಮೂರನೇದು ಬರುದಿಲ್ಲ. ಯಾವ ಬಟನ್ ಒತ್ತುದು ಹೇಳು."

ನಾನು ಬಾಲ್ಕನಿಗೆ ಹೋಗಿ ನಿಂತು, ನಿಧಾನವಾಗಿ ಒಂದೊಂದೇ ಬಟನ್ ಹೇಳಿಕೊಟ್ಟೆ.