ಮಲ್ಕಪ್ಪನ ಬಿಡುವಿಲ್ಲದ ದಿನಗಳು

ಕಿಣ್ಣಿ ಸುಲ್ತಾನ ಊರಿನಲ್ಲಿ ಯಾವ ಲಿಂಗಾಯತರ ಮನೆಯಲ್ಲಿ ಸಾವಾದರೂ ಮೊದಲ ಫೋನು ಮಲ್ಕಪ್ಪನಿಗೆ ಬರುತ್ತಿತ್ತು. ತೀರಿಕೊಂಡವರನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿ ಅವರದು; ಹಾಗೆ ಕೂರಿಸುವ ಕೆಲಸ ಅವನದು. ಮೈ ಬಿರುಸಾಗುವ ಮೊದಲೇ ಕಾಲು ಮಡಚಿ ಪದ್ಮಾಸನ ಹಾಕಿಸಬೇಕು. ಬೆನ್ನು ನೆಟ್ಟಗೆ ನಿಲ್ಲುವಂತೆ ಗೋಡೆಗೆ ಆನಿಸಿ ಬಟ್ಟೆಯಿಂದ ಬಿಗಿಯಬೇಕು. ತಡವಾದರೆ ಕೀಲುಗಳು ಮಾತು ಕೇಳುವುದಿಲ್ಲ. ಹಾಗಾಗಿ ಅವನು ತಿನ್ನುವ ರೊಟ್ಟಿ ಬಿಟ್ಟು ಎದ್ದರೂ ಮನೆಯಲ್ಲಿ ಯಾರೂ ತಡೆಯುತ್ತಿರಲಿಲ್ಲ.

ಅವನ ತಾಯಿ ಭಾಗಮ್ಮನ ತವರೂರು ಸೊನ್ನ. ಅವಳ ತಂಗಿ ಈಗಲೂ ಅಲ್ಲೇ ಇದ್ದಾಳೆ. ತನಗೆ ಮರೆವು ಶುರುವಾಗಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿದದ್ದು ಭಾಗಮ್ಮನಿಗೇ.

"ಹೆಸರು ಜಾರಾಕತ್ತಾವಪಾ. ತಂಗಿ ಮಾರಿ ನೆನಪಿರೂದ್ರಾಗ ಒಮ್ಮಿ ಸೊನ್ನಕ್ಕ ಕರ್ಕೊಂಡು ಹೋಗು" ಎಂದು ಮಗನನ್ನು ಕೇಳಿದ್ದಳು.

"ಹೋಗೂನವ್ವಾ. ವ್ಯಾಳ್ಯಾ ಎಲ್ಲಿ ಸಿಗ್ತದ? ಸತ್ತವರು ನನ್ನ ಸಲುವಾಗಿ ಕಾಯ್ತಾರೇನು?"

ಕಾಯುವುದಿಲ್ಲ, ನಿಜ. ಆದರೆ ಆ ಅವಸರ ಒಂದೆರಡು ತಾಸಿನದು. ಮಣ್ಣಾದ ಮೇಲೆ ಹೋಟೆಲಿನ ಕಟ್ಟೆ, ಚಹಾ, "ಮಲ್ಕಪ್ಪನಂಗ ಕೂಡಸೋರು ಆಳಂದ ತಾಲ್ಲೂಕಿನಾಗೇ ಇಲ್ಲ ಬಿಡ್ರಿ" ಎನ್ನುವ ಮಂದಿ. ಆ ಮಾತು ಕೇಳುತ್ತ ಕೂತರೆ ಅವನಿಗೆ ಹೊತ್ತು ಮುಳುಗಿದ್ದೇ ಗೊತ್ತಾಗುತ್ತಿರಲಿಲ್ಲ.

ಹೆಂಡತಿ ಮಹಾನಂದಾ ಒಮ್ಮೆ ಚುಚ್ಚಿದಳು. "ಸತ್ತವರು ಮಧ್ಯಾಹ್ನಕ್ಕ ಮಣ್ಣಾದ್ರು. ನೀವು ಈಗ ಎದ್ದು ಬಂದ್ರೇನ್ರಿ?"

ಅವನು ನಕ್ಕುಬಿಟ್ಟಿದ್ದ.

ಹೀಗೇ ಎರಡು ವರ್ಷ ಕಳೆದವು. ಮೊನ್ನೆ ಊಟಕ್ಕೆ ಕೂತಾಗ ಭಾಗಮ್ಮ ಅವನತ್ತ ನೋಡಿ, "ಯಾರ ಬೇ ಬಂದಾರ? ರೊಟ್ಟಿ ಹಾಕು" ಎಂದು ಸೊಸೆಗೆ ಹೇಳಿದಳು. ಮಲ್ಕಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಾಡಿಗೆ ಜೀಪು ತರಿಸಿದ. ಅಷ್ಟರಲ್ಲಿ ಕಡಗಂಚಿಯಿಂದ, ಅವನ ಹತ್ತಿರ ಕೆಲಸ ಕಲಿತ ಜಗದೇವನ ಫೋನು ಬಂತು. ಅಲ್ಲೊಂದು ಸಾವಾಗಿತ್ತು.

"ನಿನಗ ಎಲ್ಲಾ ಕಲಿಸೇನಲ್ಲೋ, ನೀನೇ ಕೂಡಸು" ಎಂದು ಫೋನು ಇಟ್ಟ.

ಭಾಗಮ್ಮ ಪಡಸಾಲೆಯಲ್ಲಿದ್ದಳು. "ಏಳವ್ವಾ, ಸೊನ್ನಕ್ಕ ಹೋಗೂನು. ನಾನವ್ವಾ, ನಿನ್ನ ಮಗ ಮಲ್ಕಪ್ಪ."

ಅವಳು ನಕ್ಕಳು. "ಚೇಷ್ಟಿ ಮಾಡಬ್ಯಾಡ್ರಿ. ನಮ್ಮ ಮಲ್ಕಪ್ಪಗ ವ್ಯಾಳ್ಯಾ ಎಲ್ಲದ? ಪಾಪ, ಅಂವಗ ಸಿಗಂಗಿಲ್ಲರಿ."

ಮಲ್ಕಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ವ್ಯಾಳ್ಯಾ ಸಿಕ್ಕಿತ್ತವ್ವಾ. ಅಂವ ನಿನಗ ಕೊಡಲಿಲ್ಲ."

ಭಾಗಮ್ಮ ಹುಬ್ಬು ಗಂಟಿಕ್ಕಿದಳು. "ನನ್ನ ಮಗಗ ಹಂಗ ಅನಬ್ಯಾಡ್ರಿ! ಅಂವ ಬರ್ತಾನ. ಹೋದ್ರ ಅಂವನ ಜೋಡೀನೇ ಹೋಗ್ತೇನಿ. ಗುರ್ತಿಲ್ಲದವ್ರ ಜೀಪಿನಾಗ ಹ್ಯಾಂಗ ಕೂಡ್ಲಿ?"

ಹೊರಗೆ ಹಾರ್ನ್ ಕೇಳಿಸಿತು. ಮಹಾನಂದಾ ಕಣ್ಣೊರೆಸಿಕೊಂಡು ಹೋಗಿ ಜೀಪನ್ನು ವಾಪಸ್ಸು ಕಳಿಸಿದಳು.

ತುಸು ಹೊತ್ತಿಗೆ ಮುದುಕಿಯ ಸಿಟ್ಟು ಇಳಿಯಿತು. ಬಂದವರ ಮೇಲೆ ಕನಿಕರವೂ ಹುಟ್ಟಿತು. "ಬಿಸಲಾಗ ಬಂದೀರಿ. ಅಂವ ಬರೂತನಕ ಕೂಡ್ರಿ" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಮಲ್ಕಪ್ಪ ಕುಳಿತ. ಫೋನು ಮತ್ತೆ ಬಡಿದುಕೊಂಡಿತು, ಅವನು ಏಳಲಿಲ್ಲ. ಭಾಗಮ್ಮ ಬಾಗಿಲನ್ನೇ ನೋಡುತ್ತಿದ್ದಳು.