ಒಂದು ಚೆಂಡು ಹೆಚ್ಚಿನ ಕಬಡ್ಡಿ

ಆರಡಿ ಇರುವವನಿಗೆ ಬಾಸ್ಕೆಟ್‌ಬಾಲ್ ಬಂದೇ ಬರುತ್ತದೆ ಎಂದು ನಂಬಿ ನನ್ನನ್ನು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಕನ್ನಡ ಸಂಘದ ತಂಡಕ್ಕೆ ಸೇರಿಸಿಕೊಂಡವರು ಕೋಚ್ ರುದ್ರಗೌಡ ಅಂಕಲ್. ಆಫೀಸಿನಲ್ಲಿ ಕುರ್ಚಿ ತಿರುಗಿಸುವುದು ಬಿಟ್ಟರೆ ನನಗೆ ಬೇರೆ ವ್ಯಾಯಾಮ ಬರುವುದಿಲ್ಲ ಎಂಬುದು ಅವರಿಗೆ ಈಗಲೂ ಗೊತ್ತಿಲ್ಲ. ಧಾರವಾಡದ ಕಾಲೇಜೊಂದಕ್ಕೆ ಬಾಸ್ಕೆಟ್‌ಬಾಲ್ ಹೊಸದಾಗಿ ಬಂದಾಗ, ಕಬಡ್ಡಿ ಕಲಿಸುತ್ತಿದ್ದ ಇವರನ್ನೇ ಪ್ರಿನ್ಸಿಪಾಲರು ಕರೆದು, "ಒಂದು ಚೆಂಡು ಹೆಚ್ಚಿಗಿ ಐತಿ ಅಷ್ಟರೀ, ನಡಸ್ರಿ" ಅಂದರಂತೆ. ಅಂದಿನಿಂದ ನಡೆಸುತ್ತಲೇ ಇದ್ದಾರೆ. ಅಮೆರಿಕದಲ್ಲಿರುವ ಮಗಳು ಕೆಲಸ ಬದಲಿಸಿದಂತೆಲ್ಲ ಅವಳ ಜೊತೆ ಡಲ್ಲಾಸ್, ಆಸ್ಟಿನ್ ಸುತ್ತಿ ಹ್ಯೂಸ್ಟನ್‌ಗೆ ಬಂದರೂ ಪಾಠ ಒಂದೇ: ಚೆಂಡು ಕೈಯಲ್ಲಿರುವಷ್ಟು ಹೊತ್ತು ಉಸಿರು ಬಿಡಬಾರದು. ಇಲ್ಲೇ ಹುಟ್ಟಿದ ನಮ್ಮ ತಂಡದ ಅಭಿರಾಮ, "ಅಂಕಲ್, ದಟ್ಸ್ ನಾಟ್ ಎ ರೂಲ್" ಅಂದರೆ, "ಮಾತಾಡಬ್ಯಾಡ ತಮ್ಮಾ, ಚೆಂಡು ನಿನ್ನ ಕೈಯಾಗ ಐತಿ" ಎಂದು ಗದರುತ್ತಾರೆ. ಇದು ತಂತ್ರವೋ, ಎರಡು ಆಟಗಳ ಕಲಸುಮೇಲೋಗರವೋ, ನಮಗಿನ್ನೂ ತಿಳಿದಿಲ್ಲ. ಹ್ಯೂಸ್ಟನ್‌ನ ಇನ್ನೊಂದು ಬದಿಯ ಸೈಪ್ರೆಸ್ ತಂಡದ ಎದುರು ಸೋತರೆ ಬೇರೆ ಕೋಚ್ ತರುತ್ತೇವೆ ಎಂದು ಸಂಘದವರು ಹೇಳಿದ್ದ ಭಾನುವಾರ, ನಾವು ಒಂದೇ ಪಾಯಿಂಟ್ ಹಿಂದಿದ್ದಾಗ, ಕೊನೆಯ ಗಳಿಗೆಯಲ್ಲಿ ಚೆಂಡು ನನ್ನ ಕೈಗೇ ಬಂತು. ಬುಟ್ಟಿಯ ಕೆಳಗೆ ನಾನೊಬ್ಬನೇ. ಗಾಬರಿಯಿಂದ ಅಂಕಲ್ ಕಡೆ ನೋಡಿದೆ. ಮುಖ ಕಪ್ಪಿಟ್ಟಿತ್ತು, ಕೆನ್ನೆ ಉಬ್ಬಿತ್ತು, ಎದೆ ಅಲುಗುತ್ತಲೇ ಇರಲಿಲ್ಲ. ತಕ್ಷಣ ಯಾರಿಗೋ ಪಾಸ್ ಮಾಡಿಬಿಟ್ಟೆ, ಸೋತೆವು. "ಬುಟ್ಟಿ ತಲಿ ಮ್ಯಾಲೇ ಇತ್ತಲ್ಲೋ, ಯಾಕ ಹಾಕಲಿಲ್ಲ?" ಎಂದರು. "ನೀವು ಉಸಿರಾಡ್ತಿರಲಿಲ್ಲ ಅಂಕಲ್" ಅಂದೆ. ಅವರು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ನನ್ನನ್ನೇ ಕೇಳಿದರು: "ಯಾರು, ನಾನಾ?"